ಹವಳ ನೋಡಲು ಹೋದ ಅತ್ತೆ

ನನ್ನ ಅತ್ತೆಯವರು ನೀರು ಕುಡಿಯುವುದನ್ನು ನೋಡಬೇಕಿತ್ತು. ತಲೆ ಹಿಂದಕ್ಕೆ ವಾಲಿಸಿ, ಹಿತ್ತಾಳೆ ಚಂಬನ್ನು ಹಣೆಗಿಂತ ಗೇಣು ಮೇಲೆ ಹಿಡಿದು, ಸಣ್ಣ ಧಾರೆಯನ್ನು ನೇರ ಗಂಟಲಿಗೇ ಬಿಟ್ಟುಕೊಳ್ಳುತ್ತಿದ್ದರು. ತುಟಿಗೆ ಒಂದು ಹನಿ ತಾಗುತ್ತಿರಲಿಲ್ಲ, ಗಟಗಟ ಸದ್ದೂ ಇರಲಿಲ್ಲ, ಕೊರಳು ಮಾತ್ರ ಮೇಲೆ ಕೆಳಗೆ ಆಡುತ್ತಿತ್ತು. ಆ ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ಅದಕ್ಕೆ ತಾಗಿಕೊಂಡೇ ತಾಳಿ, ತಾಳಿಯ ಕರಿಮಣಿಗಳ ನಡುವೆ ಎರಡು ಕೆಂಪು ಹವಳ. ನಾನೂ ಒಮ್ಮೆ ಹಾಗೆ ಕುಡಿಯಲು ಹೋಗಿ, ಮೂಗಿಗೆ ನೀರು ಏರಿಸಿಕೊಂಡು, ಹೊಸ ಅಂಗಿ ತೋಯಿಸಿಕೊಂಡು, ಮಾವನವರ ಎದುರಿಗೆ ಸೀನುತ್ತ ನಿಂತಿದ್ದೆ. ಅವತ್ತಿನಿಂದ ಸಿರುಗುಪ್ಪದ ಆ ಮನೆಯಲ್ಲಿ ನನಗೆಂದೇ ಬೇರೆ ಲೋಟ ಬಂತು.

ಎಂಜಲಿನ ವಿಷಯದಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಮದುವೆಯಾದ ಹೊಸತರಲ್ಲಿ ಉಂಡ ಚಮಚವನ್ನೇ ಮೊಸರಿನ ಗಡಿಗೆಗೆ ಅದ್ದಿಬಿಟ್ಟೆ. ಬಳ್ಳಾರಿಯ ಗಾಂಧಿನಗರದಲ್ಲಿ, ತಾಯಿಯಿಲ್ಲದ ಮನೆಯಲ್ಲಿ, ಅಪ್ಪನ ಜೊತೆ ಖಾನಾವಳಿ ಊಟ ಮಾಡಿಕೊಂಡು ಬೆಳೆದವನು ನಾನು. ನನಗೇನು ಗೊತ್ತು ಮೊಸರಿನ ಮಡಿ? ಅತ್ತೆ ಗಡಿಗೆ ಎತ್ತಿಕೊಂಡು ಹಿತ್ತಲಿಗೆ ಹೋದರು, ಮುಸುರೆ ಬಾನಿಗೆ ಏನೋ ಸುರಿದ ಸದ್ದಾಯಿತು. ತಿರುಗಿ ಬಂದು ಬಾಗಿಲ ಮರೆಯಲ್ಲಿ ನಿಂತು ಮಗಳಿಗೆ ಹೇಳಿದರು: "ಅಳ್ಯಾರಿಗೆ ಬ್ಯಾರೆ ಮೊಸರು ಹಾಕವ್ವ. ಅದು ಹುಳಿ ಇತ್ತು." ಹುಳಿ ಎಲ್ಲಿಯದು? ಬೆಣ್ಣೆಯಂಥ ಮೊಸರು. ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅಳಿಯ ಎಂದರೆ ಅವರ ಪಾಲಿಗೆ ಅರ್ಧ ದೇವರು, ಅರ್ಧ ತಹಸೀಲ್ದಾರ. ನಾನು ಒಳಗೆ ಬಂದರೆ ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದರು, ಸೆರಗು ತಲೆಯ ಮೇಲೆ ಬರುತ್ತಿತ್ತು. ನನಗೇನಾದರೂ ಹೇಳುವುದಿದ್ದರೆ ನನ್ನ ಹೆಂಡತಿಯ ಕಡೆ ಮುಖ ಮಾಡಿ ಹೇಳುವರು. ನಾನು ಕೈಯಳತೆಯಲ್ಲಿ ಕೂತಿದ್ದರೂ ಮಾತು ಮಾತ್ರ ಸುತ್ತು ಹಾಕಿಕೊಂಡೇ ಬರಬೇಕು. "ಅತ್ತೀ, ನನಗ ನೇರ ಹೇಳ್ರಿ, ನಾನೇನು ಹುಲೀನಾ" ಎಂದರೆ ನಕ್ಕು, ಮಗಳಿಗೇ ಉತ್ತರ ಕೊಡುವರು: "ರೂಢಿ ಐತಿ ಅಂತ ಹೇಳವ್ವ."

ಇಂಥವರು ಸಣ್ಣವರಿದ್ದಾಗ ಈಜುಗಾತಿಯಾಗಿದ್ದರು ಎಂದರೆ ನಾನು ಮೊದಲು ನಂಬಿರಲಿಲ್ಲ. ಅವರ ತವರು ಕುರುಗೋಡಿನ ಕಡೆಯ ಬಾದನಹಟ್ಟಿ. ಅಲ್ಲಿಯ ತೋಟದ ಬಾವಿಯಲ್ಲಿ ಬೆನ್ನಿಗೆ ಬೆಂಡು ಕಟ್ಟಿಕೊಂಡು ಕಲಿತರಂತೆ. ಬೆಂಡು ಬಿಚ್ಚಿದ ಮೇಲೆ ಗಂಡುಹುಡುಗರಿಗಿಂತ ಮೊದಲು ತಳಕ್ಕೆ ಮುಳುಗಿ, ಮುಷ್ಟಿಯಲ್ಲಿ ಕೆಸರು ಹಿಡಿದು ಮೇಲೆ ಬಂದು ತೋರಿಸುತ್ತಿದ್ದರಂತೆ. ಮದುವೆಯಾಗಿ ಸಿರುಗುಪ್ಪಕ್ಕೆ ಬಂದ ಮೇಲೆ ಎಲ್ಲ ಬಂದ್. "ಸಿರುಗುಪ್ಪದಾಗ ಹೊಳಿ ಐತಿ, ಆದ್ರ ಹೊಳ್ಯಾಗ ಸೊಸಿ ಈಜಂಗಿಲ್ಲ" ಎಂದು ಮಗಳ ಹತ್ತಿರ ಒಮ್ಮೆ ಹೇಳಿದ್ದನ್ನು ನಾನು ಪಕ್ಕದ ಕೋಣೆಯಿಂದ ಕೇಳಿಸಿಕೊಂಡಿದ್ದೆ.

ಇನ್ನು ನನ್ನ ಶೌರ್ಯ ಕೇಳಿ. ಗಾಂಧಿನಗರದಲ್ಲಿ ನನ್ನದು ಪಂಪ್‌ಸೆಟ್ಟಿನ ಅಂಗಡಿ. ಕೊಳಗಲ್ಲು, ಕುರುಗೋಡು ಎಂದು ರೈತರ ಬಾವಿಗಳಿಗೆ ಮೋಟರು ಇಳಿಸಲು ಹೋಗುತ್ತೇನೆ. ಹೋದವನು ದಂಡೆಯ ಬೇವಿನ ಮರವನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಕೆಲಸದವರಿಗೆ ದಾರಿ ತೋರಿಸುತ್ತೇನೆ. ಬಳ್ಳಾರಿಯವನಿಗೆ ನೀರು ಎಂದರೆ ನಳದಲ್ಲಿ ಬಂದಾಗ ಡ್ರಮ್ಮಿಗೆ ತುಂಬಿ ಮುಚ್ಚಿಡುವ ಪದಾರ್ಥ. ಅದರೊಳಗೆ ಇಳಿಯುತ್ತಾರೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇಷ್ಟಕ್ಕೆಲ್ಲ ಮೂಲ ನನ್ನ ಮಗಳ ಪಾಠದ ಪುಸ್ತಕ. ರಜೆಗೆ ಸಿರುಗುಪ್ಪಕ್ಕೆ ಹೋದಾಗ ಅವಳು ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದಳು: ಹವಳವು ಸಮುದ್ರದಲ್ಲಿ ವಾಸಿಸುವ ಒಂದು ಪ್ರಾಣಿ. ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಅತ್ತೆಯ ಕೈ ನಿಂತಿತು.

"ಏನಂದಿ? ಇನ್ನೊಮ್ಮೆ ಓದವ್ವ."

ಅವಳು ಇನ್ನೊಮ್ಮೆ ಓದಿದಳು. ನಾವು ಆಭರಣಕ್ಕೆ ಬಳಸುವುದು ಆ ಪ್ರಾಣಿ ಕಟ್ಟಿಕೊಂಡ ಗಟ್ಟಿ ಗೂಡು, ಒಂದು ಬಗೆಯ ಎಲುಬು ಎಂದೂ ಇತ್ತು. ಅತ್ತೆ ಮೊರವನ್ನು ಕೆಳಗಿಟ್ಟು, ಕೊರಳಿನ ಎರಡು ಹವಳಗಳನ್ನು ಬೆರಳಲ್ಲಿ ಹಿಡಿದು ನೋಡಿಕೊಂಡರು. ಮೊಟ್ಟೆಯನ್ನೂ ಮುಟ್ಟದ ಮನೆತನ ಅವರದು. ಲಿಂಗದ ಪಕ್ಕಕ್ಕೆ, ಮದುವೆಯಾದ ದಿನದಿಂದ, ಯಾವುದೋ ಜೀವದ ಎಲುಬು ಕಟ್ಟಿಕೊಂಡು ತಿರುಗಿದ್ದೀನಾ ಎಂಬುದು ಅವತ್ತು ಅವರ ಎದೆಯಲ್ಲಿ ಕೂತಿತು. ಆಮೇಲೆ ಏಳಲೇ ಇಲ್ಲ.

ಅಕ್ಕಸಾಲಿಗನನ್ನು ಕೇಳಿದರು. "ಕಲ್ಲುರೀ ಅಮ್ಮ, ಸಮುದ್ರದ ಕಲ್ಲು" ಎಂದ. ಮಠದ ಅಯ್ಯನವರನ್ನು ಕೇಳಿದರು. ಭಕ್ತಿ ಇದ್ದರೆ ಸಾಕು ಎಂದು ಅವರು ಮಾತು ತೇಲಿಸಿದರು. ಅಕ್ಕಿ ಮಿಲ್ಲಿನಿಂದ ತಲೆತುಂಬ ತೌಡು ಹೊತ್ತುಕೊಂಡು ಬಂದ ಮಾವನವರನ್ನು ಕೇಳಿದರೆ, "ಇಷ್ಟು ವರ್ಷ ಕಲ್ಲಾಗಿದ್ದದ್ದು ನಿನ್ನ ಮೊಮ್ಮಗಳು ಓದಿದ ಕೂಡ್ಲೆ ಪ್ರಾಣಿ ಆತೇನು?" ಎಂದು ನಕ್ಕರು.

"ಪ್ರಾಣಿ ಆದ್ರ ತೆಗೀತೀನಿ," ಎಂದರು ಅತ್ತೆ.

ಅಲ್ಲಿಗೆ ಮನೆಯಲ್ಲಿ ಗಲಾಟೆ. ಮಾವನವರ ಅಕ್ಕ, ಹಿರಿಯ ಜೀವ, ಊಟ ಬಿಟ್ಟು ಎದ್ದರು. ಗಂಡ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವಾಗ ತಾಳಿಯ ಮಣಿಗೆ ಕೈ ಹಚ್ಚುತ್ತಾರೆಯೇ? ಗಂಡನಿಗೆ ಕೇಡು. ಅತ್ತೆ ವಾದ ಮಾಡಲಿಲ್ಲ. "ಪುಸ್ತಕದ ಮಾತು ನಂಬಿ ತೆಗಿಯಂಗಿಲ್ಲ, ನಿಮ್ಮ ಮಾತು ನಂಬಿ ಇಟ್ಟುಕೊಳ್ಳಂಗೂ ಇಲ್ಲ. ನಾ ಕಣ್ಣಾರೆ ನೋಡ್ಬೇಕು," ಎಂದರು. ಯಾವುದೇ ವಿಷಯಕ್ಕೂ ಅವರದು ಇದೇ ಮಾತು. ಬದನೆಕಾಯಿಯನ್ನೂ ಹಿಸುಕಿ ನೋಡದೆ ತಂದವರಲ್ಲ.

ಸಂಕ್ರಾಂತಿ ದಾಟಿದ ಮೇಲೆ, ಸಾಲೆಯಿದ್ದ ಮಗಳನ್ನು ಬಿಟ್ಟು, ಅತ್ತೆ, ನನ್ನ ಹೆಂಡತಿ, ನಾನು ಮೂವರೂ ಅಂಡಮಾನಿಗೆ ಹೊರಟೆವು. ನನ್ನ ಹೆಂಡತಿಯ ಹಠ ಅದು, ಅವ್ವನಿಗೆ ಹವಳ ತೋರಿಸಿಯೇ ತೀರುತ್ತೇನೆಂದು. ಮಾವನವರು ಬರಲಿಲ್ಲ. "ಹವಳ ನೋಡಾಕ ಅಕ್ಕಸಾಲ್ಯಾನ ಅಂಗಡಿ ಸಾಕು, ಅಲ್ಲೀತನಕ ಯಾರು ಹೋಗ್ತಾರ" ಎಂದು ಮಿಲ್ಲಿಗೆ ನಡೆದರು. ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಜೊತೆಗೆ ಅದೇ ಹಿತ್ತಾಳೆ ಚಂಬು. ವಿಮಾನದಲ್ಲಿ ಆ ಚಂಬಿನಿಂದ ಅವರು ಧಾರೆ ಬಿಟ್ಟುಕೊಂಡು ನೀರು ಕುಡಿದದ್ದನ್ನು ಗಗನಸಖಿ ಬಾಯಿ ತೆರೆದು ನೋಡಿದಳು. ವಿಮಾನ ಕುಲುಕುತ್ತಿತ್ತು. ಒಂದು ಹನಿ ಚೆಲ್ಲಲಿಲ್ಲ.

ಮಾರನೆಯ ಬೆಳಿಗ್ಗೆ ದೋಣಿ ನಮ್ಮನ್ನು ಒಂದು ಸಣ್ಣ ದ್ವೀಪದ ಮರಳಿಗೆ ಇಳಿಸಿತು. ಅಲ್ಲಿಂದ ಸ್ವಲ್ಪ ದೂರಕ್ಕೆ ನೀರಿನೊಳಗೆ ಹವಳದ ದಂಡೆ. ಮುಖಕ್ಕೆ ಗಾಜಿನ ಮುಸುಕು, ಬಾಯಲ್ಲಿ ಉಸಿರಾಡುವ ಕೊಳವೆ, ಮೈಗೆ ತೇಲುವ ಜಾಕೆಟ್ಟು. ಇಷ್ಟು ಕಟ್ಟಿಕೊಂಡು ನೀರಿನ ಮೇಲೆ ಬೋರಲು ಮಲಗಿ ಕೆಳಗೆ ನೋಡುತ್ತ ಹೋಗಬೇಕು. ಗೈಡ್ ಜೊತೆಗಿದ್ದು ಗಾಳಿ ತುಂಬಿದ ಬಳೆಯೊಂದನ್ನು ಎಳೆಯುತ್ತಾನೆ, ನಾವು ಅದನ್ನು ಹಿಡಿದುಕೊಂಡಿದ್ದರೆ ಆಯಿತು. ನನ್ನ ಯೋಜನೆ ಇನ್ನೂ ಸರಳವಾಗಿತ್ತು. ತಾಯಿ ಮಗಳು ನೀರಿಗಿಳಿಯುವುದು, ನಾನು ಮರಳಿನ ಮೇಲೆ ಚೀಲ ಕಾಯುತ್ತ ಎಳನೀರು ಕುಡಿಯುವುದು.

ಮಗಳ ಚೂಡಿದಾರ ತೊಟ್ಟು ಅತ್ತೆ ಡೇರೆಯಿಂದ ಹೊರಗೆ ಬಂದಾಗ ನಾನು ಸಮುದ್ರದ ಕಡೆ ಮುಖ ತಿರುಗಿಸಿಕೊಂಡೆ. ಅವರು ದುಪಟ್ಟಾವನ್ನು ತಲೆಗೆ ಸುತ್ತಿ, ಕರಡಿಗೆಯನ್ನೂ ತಾಳಿಯನ್ನೂ ಒಂದು ಬಟ್ಟೆಯಲ್ಲಿ ಕಟ್ಟಿ ಎದೆಗೆ ಬಿಗಿದುಕೊಂಡಿದ್ದರು. ಕೊರಳಿನದನ್ನೆಲ್ಲ ತೆಗೆದಿಡಿ ಎಂದಿದ್ದ ಗೈಡ್, ಅವರ ಮುಖ ನೋಡಿ ಸುಮ್ಮನಾದ. ಆದರೆ ವಯಸ್ಸು ಕೇಳಿ ತಲೆಯಾಡಿಸಿದ. ಅರವತ್ತು ದಾಟಿದವರ ಜೊತೆಗೆ ಮನೆಯವರೊಬ್ಬರು ನೀರಿನಲ್ಲಿ ಇರಲೇಬೇಕು, ಇಲ್ಲದಿದ್ದರೆ ಬಿಡುವುದಿಲ್ಲ. ನನ್ನ ಹೆಂಡತಿಗೆ ಹಿಂದಿನ ರಾತ್ರಿಯಿಂದ ಕಿವಿ ಸೋರುತ್ತಿತ್ತು. ಅವಳು ಇಳಿಯುವ ಹಾಗಿರಲಿಲ್ಲ.

ನಾನು ಎಳನೀರಿನವನನ್ನು ಹುಡುಕುತ್ತಿರುವಂತೆ ಅತ್ತಿತ್ತ ನೋಡಿದೆ. ಅಷ್ಟು ವರ್ಷದಲ್ಲಿ ಅತ್ತೆ ನನ್ನನ್ನು ಏನೂ ಕೇಳಿದವರಲ್ಲ. ಅವತ್ತೂ ನನ್ನ ಕಡೆ ನೋಡಲಿಲ್ಲ, ಮಗಳಿಗೇ ಹೇಳಿದರು: "ಅಳ್ಯಾರಿಗೆ ನೀರಂದ್ರ ಆಗಂಗಿಲ್ಲ, ನಂಗ ಗೊತ್ತೈತಿ. ತ್ರಾಸ ಕೊಡೋದು ಬ್ಯಾಡವ್ವ. ಇಲ್ಲೇ ದಂಡಿಮ್ಯಾಲೆ ಕುಂತು ನೋಡ್ತೀನಿ."

ದಂಡೆಯ ಮೇಲೆ ಕೂತರೆ ಕಾಣುವುದು ಏನು, ನೀರು. ಮನೆಗೆ ಹೋದ ಮೇಲೆ ನೋಡಿದಿರಾ ಎಂದು ಊರೆಲ್ಲ ಕೇಳುತ್ತದೆ, ಇವರು ಇಲ್ಲ ಎನ್ನುತ್ತಾರೆ, ಉಳಿದ ಆಯುಷ್ಯವೆಲ್ಲ ಆ ಎರಡು ಮಣಿ ಹಿಡಿದು ನೋಡಿಕೊಳ್ಳುತ್ತಾರೆ. ನನ್ನ ಬಾಯಿ ನನ್ನನ್ನು ಕೇಳದೆಯೇ ಹೇಳಿಬಿಟ್ಟಿತು: "ನಾ ಬರ್ತೀನ್ರಿ ಅತ್ತೀ."

ಗೈಡ್ ಎಲ್ಲರಿಗೂ ಮುಸುಕು ಹಂಚಿ, ಹಿಂದಿಯಲ್ಲಿ, ಇದರೊಳಗೆ ಉಗುಳಿ ಚೆನ್ನಾಗಿ ಉಜ್ಜಿರಿ, ಇಲ್ಲದಿದ್ದರೆ ಗಾಜಿಗೆ ಮಂಜು ಹಿಡಿಯುತ್ತದೆ ಎಂದ. ಸುತ್ತಲಿದ್ದ ಪ್ರವಾಸಿಗಳೆಲ್ಲ ಥೂ ಥೂ ಎಂದು ಶುರುಮಾಡಿದರು. ಅತ್ತೆ ಕೈಯಲ್ಲಿ ಮುಸುಕು ಹಿಡಿದು ಕಲ್ಲಾಗಿ ನಿಂತರು. "ಮುಖಕ್ಕ ಹಾಕ್ಕೊಳ್ಳೋ ವಸ್ತುವಿಗೆ ಉಗುಳ್ತಾರೇನವ್ವ?" ಸ್ವಲ್ಪ ಹೊತ್ತು ಯೋಚಿಸಿ, ಎಲ್ಲರಿಗೂ ಬೆನ್ನು ತಿರುಗಿಸಿ, ಮುಸುಕನ್ನು ಮುಖದ ಸುತ್ತ ಮೂರು ಸಲ ಇಳಿಸಿ, ಮೂರು ಸಲ ಥೂ ಎಂದರು. "ದೃಷ್ಟಿ ತೆಗೆದಂಗ ಆತು, ಬಿಡು," ಎಂದು ಮಗಳಿಗೆ ಸಮಾಧಾನ ಹೇಳಿದರು. ಸಮಾಧಾನ ಬೇಕಿದ್ದದ್ದು ಯಾರಿಗೋ.

ಆದರೆ ಕೊಳವೆಯ ಮುಂದೆ ಇಂಥ ಉಪಾಯ ನಡೆಯಲಿಲ್ಲ. ಬಕೀಟಿನ ತುಂಬ ಕೊಳವೆ. ನಿನ್ನೆ ಯಾರ ಬಾಯಲ್ಲಿದ್ದವೋ, ಮೊನ್ನೆ ಯಾರು ಕಚ್ಚಿದ್ದರೋ, ರಬ್ಬರಿನ ಮೇಲೆ ಹಲ್ಲಿನ ಗುರುತು ಎದ್ದು ಕಾಣುತ್ತಿತ್ತು. ಗೈಡ್ ಒಂದನ್ನು ಸಮುದ್ರದ ನೀರಲ್ಲಿ ಅದ್ದಿ ಅತ್ತೆಯ ಕೈಗೆ ಕೊಟ್ಟ. ಅವರು ಅದನ್ನು ಸತ್ತ ಇಲಿಯನ್ನು ಹಿಡಿದಂತೆ ಎರಡು ಬೆರಳಲ್ಲಿ ಹಿಡಿದರು. ಅವನಿಗೆ ಹೇಗೆ ಹೇಳುವುದು? ಹಿಂದಿ ಅವರಿಗೆ ಬಾರದು. ಕಡೆಗೆ ಸಿರುಗುಪ್ಪದವರು ಎಲ್ಲಿ ಹೋದರೂ ಮಾಡುವುದನ್ನೇ ಮಾಡಿದರು, ತೆಲುಗಿನಲ್ಲಿ ಕೇಳಿದರು: "ಇದಿ ಎಂಗಿಲಿ ಕಾದಾ, ಬಾಬೂ?" ಇದು ಎಂಜಲಲ್ಲವೇ, ಎಂದು.

ಗೈಡ್ ಇವರ ಮುಖವನ್ನೇ ನೋಡುತ್ತ ನಿಂತ. ಅವನದು ಶ್ರೀಕಾಕುಳಂ ಕಡೆಯಿಂದ ಅಜ್ಜನ ಕಾಲಕ್ಕೆ ಬಂದು ದ್ವೀಪದಲ್ಲಿ ನಿಂತ ಮನೆತನವಂತೆ. ಎಂಗಿಲಿ ಎಂಬ ಮಾತನ್ನು ಅಜ್ಜಿ ಹೋದ ಮೇಲೆ ಯಾರ ಬಾಯಲ್ಲೂ ಕೇಳಿರಲಿಲ್ಲವೆಂದು ಆಮೇಲೆ ಹೇಳಿದ. ಇಷ್ಟು ದೊಡ್ಡ ಗಂಡಸು, ತಲೆಯಲ್ಲಿ ಅರ್ಧ ನರೆ, ನಾಚಿಕೊಂಡು ನಕ್ಕ. ಆಮೇಲೆ ಮೆತ್ತಗೆ ಹೇಳಿದ: "ಸಮುದ್ರಾನಿಕಿ ಎಂಗಿಲಿ ಲೇದಮ್ಮಾ." ಸಮುದ್ರಕ್ಕೆ ಎಂಜಲಿಲ್ಲ, ತಾಯಿ.

ಅತ್ತೆ ಒಮ್ಮೆ ಸಮುದ್ರವನ್ನು ನೋಡಿದರು, ಒಮ್ಮೆ ಕೊಳವೆಯನ್ನು. ಎದೆಗೆ ಕಟ್ಟಿದ ಬಟ್ಟೆಯನ್ನು ಮುಟ್ಟಿಕೊಂಡರು. ಹಲ್ಲಲ್ಲಿ ಗಟ್ಟಿಯಾಗಿ ಕಚ್ಚಬೇಕು ಎಂದು ಗೈಡ್ ತನ್ನ ಹಲ್ಲು ಕಡಿದು ತೋರಿಸಿದಾಗ ಅವರಿಗೆ ನಗು ಬಂತು. ಮಗಳ ಕಡೆ ತಿರುಗಿ, "ಹಲ್ಲಿದ್ದಾಗ ಕಡ್ಲಿ ಇಲ್ಲ, ಕಡ್ಲಿ ಇದ್ದಾಗ ಹಲ್ಲಿಲ್ಲ ಅಂತಾರ. ನಂಗ ನೋಡು, ಹಲ್ಲೂ ಅದಾವ, ಕಡಲೂ ಸಿಕ್ಕೈತಿ," ಎಂದು, ಕಣ್ಣು ಮುಚ್ಚಿ ಅದನ್ನು ಬಾಯಿಗಿಟ್ಟುಕೊಂಡರು. ನನ್ನ ಹೆಂಡತಿಗೆ ಅಳುವೋ ನಗುವೋ ತಿಳಿಯದೆ ಫೋಟೊ ತೆಗೆಯುವುದನ್ನೇ ಮರೆತಳು.

ನೀರು ಬೆಚ್ಚಗಿತ್ತು. ಎದೆಮಟ್ಟ ಬರುವವರೆಗೆ ನಾನು ಗಂಡಸಾಗಿಯೇ ಇದ್ದೆ. ಆಮೇಲೆ ಕಾಲಿಗೆ ನೆಲ ಸಿಗದಾಯಿತು. ಅತ್ತೆ ಮಾತ್ರ ಬಳೆಯ ಆ ಕಡೆ ಸಲೀಸಾಗಿ ಬೋರಲು ತೇಲುತ್ತಿದ್ದರು, ಕಾಲು ತಾವಾಗಿಯೇ ಬಡಿಯುತ್ತಿದ್ದವು. ಬಾದನಹಟ್ಟಿಯ ಬಾವಿ ಮೈಯಿಂದ ಹೋಗಿರಲಿಲ್ಲ. ನಾನು ಕಣ್ಣು ಮುಚ್ಚಿಕೊಂಡು ಬಳೆಗೆ ನೇತಾಡುತ್ತಿದ್ದೆ, ಇಷ್ಟದೈವದಿಂದ ಹಿಡಿದು ಅಂಗಡಿಯ ಪಕ್ಕದ ದರ್ಗಾದವರೆಗೆ ಎಲ್ಲರನ್ನೂ ನೆನೆದಾಗಿತ್ತು.

ಹವಳದ ದಂಡೆ ಬಂತೆಂದು ಗೈಡ್ ಕೈ ತಟ್ಟಿದ. ಮುಖ ನೀರಿಗಿಟ್ಟೆ, ಉಸಿರೆಳೆದೆ. ಬಂದದ್ದು ಉಪ್ಪುನೀರು. ನನ್ನ ಕೊಳವೆಯ ರಬ್ಬರು ಕಚ್ಚುವ ಜಾಗದಲ್ಲೇ ಹರಿದಿತ್ತು, ಅಥವಾ ಹೆದರಿಕೆಗೆ ನಾನೇ ಕಡಿದಿದ್ದೆನೋ. ಕೆಮ್ಮಿದೆ, ಇನ್ನಷ್ಟು ಕುಡಿದೆ. ಬಳೆ ಬಿಟ್ಟು ಗೈಡಿನ ಕುತ್ತಿಗೆಗೆ ಜೋತುಬಿದ್ದೆ. ಜಾಕೆಟ್ಟು ಹಾಕಿಕೊಂಡವನು ಮುಳುಗುವುದಿಲ್ಲ ಎಂದು ಅವನು ಹೇಳುತ್ತಲೇ ಇದ್ದ, ನನಗೆ ಕೇಳಿಸಬೇಕಲ್ಲ. ಇನ್ನೇನು ಸತ್ತೆ ಎನ್ನುವಾಗ ಒಂದು ಗಟ್ಟಿ ಕೈ ನನ್ನ ಗದ್ದವನ್ನು ಹಿಡಿದು ಮೇಲಕ್ಕೆತ್ತಿತು.

"ಲೇ, ಬಾಯಿ ಮುಚ್ಚು. ಮುಚ್ಚಲೇ ಮೊದ್ಲು."

ಅತ್ತೆ. ಬಳೆ ಬಿಟ್ಟು ಈಜಿ ಬಂದಿದ್ದರು. ತಲೆಯ ದುಪಟ್ಟಾ ಎಲ್ಲಿ ಹೋಗಿತ್ತೋ. ತಮ್ಮ ಬಾಯಿಂದ ಆಗಲೇ ಕಿತ್ತಿದ್ದ ಕೊಳವೆಯನ್ನು ಮುಸುಕಿನ ಪಟ್ಟಿಯಿಂದ ಬಿಡಿಸಿ, ನನ್ನ ಬಾಯಿಗೆ ತುರುಕಿದರು. "ಕಚ್ಚು. ಹಲ್ಲಿಲ್ಲೇನು ನಿಂಗ? ಈಗ ಬಾಯಿಂದ ಉಸುರು ತಗೋ. ಹಂಗ. ಇನ್ನೊಮ್ಮೆ ತಗೋ. ಯಾಕ ಹೆದರ್ತಿ, ನಾ ಅದೀನಲ್ಲ."

ನಾ ಅದೀನಲ್ಲ. ಅಪ್ಪ ಹೋದ ಮೇಲೆ ನನ್ನನ್ನು ಲೇ ಎನ್ನುವವರು, ನೀನು ಎಂದು ಬೈಯುವವರು ಭೂಮಿಯ ಮೇಲೆ ಉಳಿದಿರಲಿಲ್ಲ. ಆ ಮಾತು ಕೇಳಿ ನನ್ನ ಉಸಿರು ದಾರಿಗೆ ಬಂತು. ಮುಖವನ್ನು ನೀರಿಗಿಟ್ಟೆ, ಕಣ್ಣು ತೆರೆದೆ.

ಏನು ಹೇಳಲಿ. ನಮ್ಮ ಕೆಳಗೆ ಒಂದು ಊರಿತ್ತು. ಜಾಲಿಯ ಕಂಟಿಯಂತೆ ಕವಲೊಡೆದವು, ರಾಗಿಮುದ್ದೆಯಂತೆ ಗುಂಡಗಿದ್ದವು, ತಟ್ಟೆಯಂತೆ ಒಂದರ ಮೇಲೊಂದು ಚಾಚಿಕೊಂಡವು, ಕಂದು, ನೇರಳೆ, ಎಳೆಹಸಿರು. ಸಂದಿಸಂದಿಯಿಂದ ಮೀನು. ಹಳದಿ ಪಟ್ಟೆಯವು ಸಾಲೆ ಬಿಟ್ಟ ಮಕ್ಕಳಂತೆ ಗುಂಪಾಗಿ ಓಡುತ್ತಿದ್ದವು. ಒಂದು ದೊಡ್ಡ ಮೀನು ಬಾಯಿ ತೆರೆದು ನಿಂತಿತ್ತು, ಬೆರಳುದ್ದದ ನೀಲಿ ಮೀನೊಂದು ಅದರ ಬಾಯೊಳಗೆ ಹೊಕ್ಕು, ಹಲ್ಲಿನ ಸಂದಿಯ ಎಂಜಲು ಹೆಕ್ಕಿ ತಿನ್ನುತ್ತ, ಆರಾಮವಾಗಿ ಹೊರಗೆ ಬಂತು. ನಾನು ಪಕ್ಕಕ್ಕೆ ನೋಡಿದೆ. ಅತ್ತೆ ಕೊಳವೆಯಿಲ್ಲದೆ, ಉಸಿರು ಬಿಗಿಹಿಡಿದು, ಮುಸುಕಿನ ಗಾಜಿನಿಂದ ಅದನ್ನೇ ನೋಡುತ್ತಿದ್ದರು.

ಆಗ ಗೈಡ್ ಒಂದು ಹವಳದ ಗುಡ್ಡೆಯ ಹತ್ತಿರಕ್ಕೆ ಮುಳುಗಿ ಹೋದ. ಅದರ ಮೈತುಂಬ ಸಣ್ಣ ಸಣ್ಣ ಹೂವು ಅರಳಿದಂತೆ ಕಾಣುತ್ತಿತ್ತು. ಅದನ್ನು ಮುಟ್ಟದೆ, ಅಂಗೈಯಿಂದ ಅದರ ಕಡೆಗೆ ನೀರು ಬೀಸಿದ. ಅಷ್ಟೂ ಹೂವು ಸರಕ್ಕನೆ ಒಳಗೆ ಸರಿದವು. ಮುಟ್ಟಿದರೆ ಮುನಿ ಗಿಡ ಮುದುಡುವಂತೆ, ಒಂದು ಬಿಡದೆ. ಬರೀ ಕಲ್ಲು ಉಳಿಯಿತು. ನಾವು ಅಲುಗಾಡದೆ ತೇಲುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಒಂದು ತಲೆ ಹೊರಗಿಟ್ಟಿತು, ಆಮೇಲೆ ಇನ್ನೊಂದು, ಆಮೇಲೆ ಎಲ್ಲ.

ಅತ್ತೆ ಬುಸ್ಸೆಂದು ಮೇಲೆ ಬಂದರು. ಏದುಸಿರು ಬಿಡುತ್ತ ನಗುತ್ತಿದ್ದರು. ಅಂಥ ನಗುವನ್ನು ನಾನು ಆ ಮುಖದಲ್ಲಿ ಕಂಡಿರಲಿಲ್ಲ, ಒಂಬತ್ತು ವರ್ಷದ ಹುಡುಗಿ ಬಾವಿಯಿಂದ ಕೆಸರು ತಂದಂತಿತ್ತು.

"ಮುಚ್ಕೊಂತು! ಜೀವ ಐತಲೇ ಅದಕ್ಕ. ನೋಡಿದಿಲ್ಲೋ?"

ನನ್ನ ಬಾಯಲ್ಲಿ ಕೊಳವೆ, ನಾನು ಗೊರಗೊರ ಎಂದೆ. "ಕೊಡು ಇಲ್ಲಿ, ನಾ ಇನ್ನೂ ನೋಡೋದೈತಿ," ಎಂದು ಅದನ್ನು ಕಸಿದುಕೊಂಡು, ತೊಳೆಯಲೂ ಇಲ್ಲ, ಒರೆಸಲೂ ಇಲ್ಲ, ನನ್ನ ಬಾಯಿಂದ ಬಂದದ್ದನ್ನು ನೇರ ತಮ್ಮ ಬಾಯಿಗಿಟ್ಟುಕೊಂಡರು. ಮೊಸರಿನ ಗಡಿಗೆಯನ್ನೇ ಸುರಿದ ಹೆಂಗಸು. ಗೈಡ್ ತನ್ನ ಕೊಳವೆ ಕೊಡಲು ಬಂದರೆ ಬೇಡವೆಂದು ಕೈಬೀಸಿದರು, ಅದಕ್ಕೆಲ್ಲ ಯಾರಿಗಿದೆ ಪುರುಸೊತ್ತು. ಆಮೇಲೆ ನಾವಿಬ್ಬರೂ ಒಂದೇ ಕೊಳವೆಯನ್ನು ಅವರಿಷ್ಟು ಹೊತ್ತು, ನಾನಿಷ್ಟು ಹೊತ್ತು ಎಂದು ಹಂಚಿಕೊಂಡು, ಸಾಕು ಬನ್ನಿ ಎಂದು ಗೈಡ್ ಅಂಗಲಾಚುವವರೆಗೆ ನೋಡಿದೆವು. ನನ್ನ ಸರದಿ ಬಂದಾಗ ಅವರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅವರ ಸರದಿಯಲ್ಲಿ ನಾನು ಮುಖ ಮೇಲೆತ್ತಿಕೊಂಡು, ಬಿಸಿಲಿಗೆ ಬಾಯಿ ತೆರೆದು, ಸುಮ್ಮಸುಮ್ಮನೆ ನಗುತ್ತಿದ್ದೆ. ಹೆದರಿಕೆ ಯಾವಾಗ ಇಳಿದುಹೋಗಿತ್ತೋ ಗೊತ್ತಾಗಲಿಲ್ಲ.

ಮರಳಿಗೆ ಬಂದು ಕೂತ ಮೇಲೆ ಟವೆಲ್ಲು ತಲೆಗೇರಿತು. ಮುಖ ಮಗಳ ಕಡೆ ತಿರುಗಿತು. "ಅಳ್ಯಾರಿಗೆ ನೀರು ಮೂಗಿಗೇನು ಏರಿಲ್ಲಲ್ಲ ಕೇಳವ್ವ."

"ಅತ್ತೀ, ಇನ್ನೊಮ್ಮೆ ಲೇ ಅನ್ರಿ," ಎಂದೆ.

"ನಾ ಎಲ್ಲಿ ಅಂದೀನವ್ವ. ನೀರಿನ ಸಪ್ಪಳ ಇದ್ದೀತು," ಎಂದರು, ನನ್ನ ಕಡೆ ನೋಡದೆ.

ನನ್ನ ಹೆಂಡತಿ ದಂಡೆಯಿಂದ ಎಲ್ಲವನ್ನೂ ನೋಡಿದ್ದಳು. "ಮತ್ತ ಎಂಜಲು ಏನಾತವ್ವ?" ಎಂದು ಕೆಣಕಿದಳು.

"ಅವರ ಉಸುರು ನಿಂತ್ರ ನಾ ಮಡಿ ತಗೊಂಡು ಏನ್ ಮಾಡ್ಲಿ," ಎಂದರು ಅತ್ತೆ. ಬುತ್ತಿ ಬಿಚ್ಚಿ ಗೈಡಿಗೆ ರೊಟ್ಟಿ, ಚಟ್ನಿಪುಡಿ ಕೊಟ್ಟರು. ಅವನು ಖಾರಕ್ಕೆ ಕಣ್ಣೀರಿಡುತ್ತ ತಿಂದ. ಕೊರಳಿನ ಕೆಂಪು ಹವಳ ತೋರಿಸಿ ಕೇಳಿದಾಗ, ಇದು ಇಲ್ಲಿಯದಲ್ಲಮ್ಮ, ಬೇರೆ ಸಮುದ್ರದ ಆಳದ್ದು, ಆದರೆ ಇವುಗಳ ಬಳಗವೇ ಎಂದು ಹೇಳಿದ.

ಅತ್ತೆ ಆ ಎರಡು ಮಣಿಗಳನ್ನು ಬೆರಳಲ್ಲಿ ಹಿಡಿದು ಮತ್ತೆ ನೋಡಿಕೊಂಡರು. ಆಮೇಲೆ ಆಡಿದ್ದು ನೇರವಾಗಿ ನನಗೇ. "ಎಲುಬು ಅಂತ ನಂಗ ಹೇಸಿಗಿ ಆಗಿತ್ರಿ ಅಳ್ಯಾರ. ಹೇಸಿಗಿ ಅಲ್ಲ ಅದು. ಅಜ್ಜ ಕಟ್ಟಿದ ಮನಿಮ್ಯಾಲೆ ಮೊಮ್ಮಗ ಕಟ್ಟಿಕೊಂಡು ಕುಂತಂಗ ಐತಿ. ಆದ್ರ ಒಬ್ಬರ ಊರು ಮುರುದು ನಾ ಕೊಳ್ಳಾಗ ಹಾಕ್ಕೊಂಡು ತಿರುಗೂದು ಬ್ಯಾಡ್ರಿ."

ಸಿರುಗುಪ್ಪಕ್ಕೆ ಬಂದ ವಾರದೊಳಗೆ ಅಕ್ಕಸಾಲಿಗ ಮನೆಗೆ ಬಂದ. ಮಾವನವರ ಅಕ್ಕ ಮತ್ತೆ ಗಂಡನಿಗೆ ಕೇಡು ಎಂದು ಎದೆ ಬಡಿದುಕೊಂಡರು. ಅತ್ತೆ ಗಂಡನ ಮುಖ ನೋಡಿದರು. ಅವರ ಒಂದು ಮಾತಿಗೆ ಕಾಯುತ್ತಿದ್ದರು, ಬೇಡ ಎಂದಿದ್ದರೆ ತೆಗೆಯುತ್ತಿರಲಿಲ್ಲವೇನೋ. ಮಾವನವರು ಮೀಸೆಯ ತೌಡು ಒರೆಸಿಕೊಳ್ಳುತ್ತ ಜೋರಾಗಿ ನಕ್ಕರು. "ತೆಗೀಲಿ ಬಿಡಕ್ಕ. ನನ್ನ ಜೀವ ಏನು ಹವಳದಾಗ ಐತೇನು?"

ತೆಗೆದ ಎರಡು ಮಣಿಯನ್ನು ಅತ್ತೆ ಮಾರಲಿಲ್ಲ, ಎಸೆಯಲೂ ಇಲ್ಲ. ಹಿತ್ತಲ ಬಿಲ್ವದ ಬುಡದಲ್ಲಿ ಕುಳಿ ತೋಡಿ, ವಿಭೂತಿ ಹಚ್ಚಿ, ಮೇಲೊಂದು ಪತ್ರೆ ಇಟ್ಟು, ನಮ್ಮಲ್ಲಿ ಮನುಷ್ಯರಿಗೆ ಮಾಡುವಂತೆಯೇ ಮಣ್ಣು ಮಾಡಿದರು. ಮನೆಗೆ ಬಂದವರಿಗೆಲ್ಲ ಕಡಲ ಕೆಳಗಿನ ಊರಿನ ಕತೆ. ಮಿಲ್ಲಿನ ಹೆಣ್ಣಾಳುಗಳಿಗೆ ತೆಲುಗಿನಲ್ಲಿ, ನೆರೆಯವರಿಗೆ ಕನ್ನಡದಲ್ಲಿ, ಅಂಗೈ ಅರಳಿಸಿ ಮುಚ್ಚಿ ತೋರಿಸುತ್ತಿದ್ದರು. ಎಂಜಲಿನ ಮಡಿ ಮಾತ್ರ ಮನೆಯಲ್ಲಿ ಮೊದಲಿನ ಹಾಗೆಯೇ ನಡೆಯಿತು. ನನ್ನ ಬೇರೆ ಲೋಟ ಬೇರೆಯೇ ಉಳಿಯಿತು.

ನನ್ನನ್ನು ಅವರು ಬಿಡಲಿಲ್ಲ. "ಪಂಪ್ ಮಾರೋರು ಈಜಾಕ ಕಲೀಬೇಕಂತ ಹೇಳವ್ವ" ಎಂದು ಮಗಳ ಮೂಲಕ ಹೇಳಿಸಿ ಹೇಳಿಸಿ, ಕಡೆಗೆ ಬಾದನಹಟ್ಟಿಯ ಅದೇ ಬಾವಿಗೆ ಕರೆದುಕೊಂಡು ಹೋಗಿ, ದಂಡೆಯ ಮೇಲೆ ತಾವು ಕೂತು, ನನ್ನ ಬೆನ್ನಿಗೆ ಬೆಂಡು ಕಟ್ಟಿಸಿ ಇಳಿಸಿದರು. ಮೀಸೆ ಬಂದ ಗಂಡಸು ಬೆಂಡು ಕಟ್ಟಿಕೊಂಡು ಒದ್ದಾಡುವುದನ್ನು ನೋಡಲು ಅರ್ಧ ಊರು ಸೇರಿತ್ತು. ಕಲಿತೆ. ಈಗ ನನ್ನ ಮಗಳಿಗೂ ನಾನೇ ಕಲಿಸಿದ್ದೇನೆ. ತಾಯಿ ಕಲಿಸಬೇಕಾದದ್ದನ್ನು ಅತ್ತೆ ಕಲಿಸಿದರು, ಆ ಋಣ ನನ್ನ ಮೈಯಲ್ಲಿದೆ.

ಹೋದ ವರ್ಷ ಶ್ರಾವಣ ಹಿಡಿಯುವ ಮೊದಲು, ಪೂಜೆ ಮುಗಿಸಿ ಎದ್ದವರು ಗೋಡೆಗೊರಗಿ ಕೂತರು, ಮತ್ತೆ ಏಳಲಿಲ್ಲ. ಎದೆನೋವು ಎಂದು ಹೇಳುವಷ್ಟೂ ಪುರುಸೊತ್ತು ಸಿಗಲಿಲ್ಲ. ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದು ಬಂದವರೆಲ್ಲ ಹೇಳಿದರು. ಮಾವನವರ ಅಕ್ಕನೂ ಅದನ್ನೇ ಹೇಳಿ ಅತ್ತರು.

ಮಣ್ಣು ಮುಗಿಸಿ ಬಂದು, ಜನ ಕರಗಿದ ಮೇಲೆ, ಮಾವನವರು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ.

"ಹವಳ ತೆಗೆದ್ರ ಗಂಡಗ ಕೇಡು ಅಂದಿದ್ಲು ನಮ್ಮಕ್ಕ. ನಾ ನಕ್ಕಿದ್ದೆ ಅಳ್ಯಾರ." ಕೈಯಿಂದ ಮುಖ ಒರೆಸಿಕೊಂಡರು. "ಖರೇನ ಹೇಳಿದ್ಲು ನೋಡ್ರಿ. ಇದಕ್ಕಿಂತ ದೊಡ್ಡ ಕೇಡು ಗಂಡಗ ಯಾವ್ದೈತಿ?"

ನಾನು ಅವರ ಕೈ ಹಿಡಿದುಕೊಂಡು ಕೂತೆ.